ಬಾಯಿ ಬಿಡಬೇಡ ಕಣೋ

ಹೋದ ಶನಿವಾರ ರಿಲೀಸ್ ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದಾಗ ರಾತ್ರಿ ಹನ್ನೊಂದಾಗಿತ್ತು. ನಿದ್ದೆ ಬರೋವರೆಗೆ ಏನಾದ್ರೂ ನೋಡೋಣ ಅಂತ ‘ಮೀನ್ ಕ್ರೀಕ್’ ಹಾಕಿಕೊಂಡೆ. ಒಂದೂವರೆ ಗಂಟೆಯ ಸಿನಿಮಾ. ಮುಗಿದ ಮೇಲೆ ನಿದ್ದೆ ಹತ್ತಿರಾನೂ ಸುಳಿಯಲಿಲ್ಲ.

2004ರ ಅಮೆರಿಕನ್ ಸ್ವತಂತ್ರ ಚಿತ್ರ ಇದು. ನಿರ್ದೇಶಕ ಜೇಕಬ್ ಆರನ್ ಎಸ್ಟೆಸ್‌ಗೆ ಮೊದಲ ಫೀಚರ್ ಚಿತ್ರ. ಕಡಿಮೆ ಬಜೆಟ್ಟಿನ ಚಿತ್ರಗಳಿಗೆಂದೇ ಇರುವ ಜಾನ್ ಕ್ಯಾಸವೆಟಿಸ್ ಪ್ರಶಸ್ತಿಯೂ ಸಿಕ್ಕಿದೆ. ಇರೋದಿಷ್ಟೇ: ಆರು ಮಕ್ಕಳು, ಒಂದು ದೋಣಿ, ಒರೆಗಾನ್ ರಾಜ್ಯದ ಒಂದು ನದಿ.

ಶಾಲೆಯಲ್ಲಿ ಜಾರ್ಜ್ ಅನ್ನೋ ದಡೂತಿ ಹುಡುಗ ಪುಟ್ಟ ಸ್ಯಾಮ್‌ಗೆ ಹೊಡೀತಾನೆ. ಸ್ಯಾಮ್‌ನ ಅಣ್ಣ ರಾಕಿ ಮತ್ತು ಅವನ ಗೆಳೆಯರು ಸೇಡು ತೀರಿಸೋಕೆ ಹೊರಡ್ತಾರೆ. ಬರ್ತ್‌ಡೇ ಅಂತ ಸುಳ್ಳು ಹೇಳಿ ಜಾರ್ಜ್‌ನ ದೋಣಿ ಹತ್ತಿಸಿ, ಮಾನ ಕಳೆದು ಕಳಿಸೋದು ಪ್ಲಾನ್. ಜಾರ್ಜ್ ಪಾಪ ಉಡುಗೊರೆ ಹಿಡ್ಕೊಂಡು ಬರ್ತಾನೆ! ಅವನಿಗೆ ಬೇಕಾಗಿದ್ದೂ ಗೆಳೆಯರೇ. ಬೇಡ, ಬಿಟ್ಟುಬಿಡೋಣ ಅಂತ ಸ್ಯಾಮ್‌ಗೆ ಅನ್ನಿಸುತ್ತೆ. ಅಷ್ಟರಲ್ಲಿ ಮಾತಿಗೆ ಮಾತು ಬೆಳೆದು, ತಳ್ಳಾಟದಲ್ಲಿ ಜಾರ್ಜ್ ನೀರಿಗೆ ಬಿದ್ದು ಸಾಯ್ತಾನೆ. ಯಾರಿಗೂ ಹೇಳೋದು ಬೇಡ ಅಂತ ಮಕ್ಕಳೇ ಅವನನ್ನ ಹೂತುಬಿಡ್ತಾರೆ.

ನನಗೆ ಕೈ ತಣ್ಣಗಾಗಿದ್ದು ಅಲ್ಲಿ.

ಒಂಬತ್ತನೇ ಕ್ಲಾಸಲ್ಲಿ ನಾವು ಐದು ಜನ ಸೇರಿ ಒಬ್ಬನನ್ನ ಶಾಲೆಯ ಕಾಂಪೌಂಡ್ ಗೋಡೆ ಹತ್ತಿಸಿದ್ವಿ, ಸುಮ್ನೆ ಹೆದರಿಸೋಕೆ. ನಮ್ಮಲ್ಲೊಬ್ಬ ಕಾಲು ಹಿಡಿದು ಎಳೆದ. ಅವನು ಬಿದ್ದ, ಕೈ ಮುರೀತು. ಆಸ್ಪತ್ರೆಗೆ ಕರ್ಕೊಂಡು ಹೋಗೋ ದಾರೀಲೇ ಎಳೆದವನು ನನ್ನ ಕಿವಿಯಲ್ಲಿ, “ಬಾಯಿ ಬಿಡಬೇಡ ಕಣೋ” ಅಂದ. ನಾನು ಬಿಡಲಿಲ್ಲ. “ಅವನೇ ಜಾರಿ ಬಿದ್ದ ಆಂಟಿ” ಅಂದೆ. ಅವರಮ್ಮ ಕಣ್ಣೊರೆಸಿಕೊಂಡು, “ಸದ್ಯ, ನೀವಿದ್ರಲ್ಲಪ್ಪ” ಅಂದ್ರು. ಬಿದ್ದವನೂ ಎಲ್ಲ ಗೊತ್ತಿದ್ದು ಸುಮ್ಮನಿದ್ದ. ಮುಂದಿನ ವಾರ ನೋಡೋಕೆ ಹೋದಾಗ ಆಂಟಿ ನಮಗೆಲ್ಲ ಚಕ್ಕುಲಿ ಕೊಟ್ರು. ತಿಂದು ಬಂದ್ವಿ.

ಅದನ್ನೇ ನಾವು ದೋಸ್ತಿ ಅಂದ್ಕೊಂಡಿದ್ವಿ. ಬಾಯಿ ಮುಚ್ಕೊಂಡಿರೋನು ನಮ್ಮವನು, ಹೇಳೋನು ಚಾಡಿಕೋರ. ಬಿದ್ದವನೂ ನಮ್ಮ ಗೆಳೆಯನೇ ಆಗಿದ್ದ ಅನ್ನೋದು ಯಾಕೆ ಲೆಕ್ಕಕ್ಕೆ ಬರಲಿಲ್ಲವೋ!

ಸಿನಿಮಾದ ಕೊನೆಗೆ ಆ ಮಕ್ಕಳು ಜಾರ್ಜ್‌ನ ತಾಯಿಯ ಮನೆ ಬಾಗಿಲಿಗೆ ಹೋಗ್ತಾರೆ. ಒಬ್ಬ ಮಾತ್ರ ಹೋಗದೆ ಓಡಿಹೋಗ್ತಾನೆ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಗುರುತು ಸಿಕ್ಕಿತು.

ಭಾನುವಾರ ಸ್ಕೂಲ್ ವಾಟ್ಸಾಪ್ ಗುಂಪಲ್ಲಿ ಇದನ್ನೆಲ್ಲ ಬರೆದು ಹಾಕಿದೆ. “ಬಿಡೋ ಮಾರಾಯಾ, ಹಳೇ ಕಥೆ” ಅಂತ ಒಬ್ಬ. ಎಳೆದವನು ಓದಿದ್ದಾನೆ, ಉತ್ತರ ಇಲ್ಲ. ರಾತ್ರಿ ಬಿದ್ದವನ ಮೆಸೇಜ್ ಬಂತು, ನನಗೊಬ್ಬನಿಗೇ: “ಅಮ್ಮಂಗೆ ಇವತ್ತಿಗೂ ಗೊತ್ತಿಲ್ಲ. ನೀನೇ ಬಂದು ಹೇಳ್ತೀಯಾ?”

ಮುಂದಿನ ಶನಿವಾರಕ್ಕೆ ಊರಿಗೆ ಬಸ್ ಟಿಕೆಟ್ ಬುಕ್ ಮಾಡಿದ್ದೀನಿ.