ಪಾಪರ್ ಚೀಟಿ ಎಲ್ಲಿ ಸಿಗುತ್ತದೆ?



ಅಟ್ಟದ ಮೇಲೆ ಹನ್ನೊಂದು ತಿಂಗಳು ಒಣಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತಿದ್ದ ಕಾಯಿ ಸುಲಿಸಿ ಅಣ್ಣ 2023ರಲ್ಲಿ ತಿಪಟೂರಿಗೆ ಕೊಬ್ಬರಿ ಒಯ್ದ. ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು. ಮಾರುಕಟ್ಟೆ ಧಾರಣೆ ಅದರ ಹತ್ತಿರಕ್ಕೂ ಬರಲಿಲ್ಲ. ಕೈಸಾಲ ಬೆಳೆಯಿತು. ‘ಪಾಪರ್ ಚೀಟಿ ತಗೊಂಡುಬಿಡು’ ಎಂದವರು ಹಲವರು, ಎಲ್ಲಿ ಎಂದು ಹೇಳಿದವರಿಲ್ಲ.

ಹಾಗೆ ಚೀಟಿ ಹರಿದುಕೊಡುವ ಕಚೇರಿಯೇ ಇಲ್ಲ. ಪಾಪರ್ ಅಂದರೆ ದಿವಾಳಿ ಎಂದು ಘೋಷಿಸಿಕೊಳ್ಳಲು 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ ಆಸ್ತಿಯ ವಿವರ, ಸಾಲ ಕೊಟ್ಟವರ ಪಟ್ಟಿ ಸಮೇತ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ತೋಟ ಅಡವಿಟ್ಟು ತಂದ ಸಾಲಕ್ಕೆ ಇದರಿಂದ ರಕ್ಷಣೆಯಿಲ್ಲ. ಇದು ನಮಗೆ ತಿಳಿದದ್ದು ಬಹಳ ತಡವಾಗಿ. ಹಾಕಿದ ಅರ್ಜಿ ಎಲ್ಲಿಗೆ ಬಂತೆಂದು ತಿಳಿಯಲು ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಕೊಟ್ಟು ಪ್ರಕರಣ ಹುಡುಕಬಹುದು ಎಂಬುದೂ ಹಾಗೆಯೇ ತಡವಾಗಿ ತಿಳಿಯಿತು.

ತಾಲ್ಲೂಕು ಕಾನೂನು ಸೇವಾ ಸಮಿತಿಯವರು ಮಾರುಕಟ್ಟೆ ದಿನ ಎಪಿಎಂಸಿ ಅಂಗಳದಲ್ಲೇ ಕೂತು ರೈತರಿಗೆ ಇದನ್ನೆಲ್ಲ ಬಿಡಿಸಿ ಹೇಳಲಿ.

– ತೆಂಗು ಬೆಳೆಗಾರ, ತುರುವೇಕೆರೆ ತಾಲ್ಲೂಕು