ಚಿತ್ರಕ್ಕೆ ಬೇಕಾದಷ್ಟೇ ಬೆಳಕು

ಮೈಸೂರಿನ ಜಗನ್ಮೋಹನ ಅರಮನೆಗೆ ನಾವು ಕೈಗೊಂಡ ಶಾಲಾ ಪ್ರವಾಸ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಎಸ್. ಎಲ್. ಹಲ್ದಂಕರ್ ಅವರು ರಚಿಸಿದ, ಕೈಯಲ್ಲಿ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರವನ್ನು ಅಲ್ಲಿ ಮಬ್ಬುಗತ್ತಲೆಯಲ್ಲಿ ಇರಿಸಿದ್ದರು. ಅದರೆದುರು ನಿಂತೊಡನೆ ನಿಮ್ಮ ಗದ್ದಲವೆಲ್ಲ ಅಡಗಿತ್ತು. ಆ ದೀಪ ನಿಜವಾಗಿಯೂ ಉರಿಯುತ್ತಿದೆಯೆಂದೇ ಹಲವರು ಭ್ರಮಿಸಿದ್ದಿರಿ.

ಈಚೆಗೆ ಬೇರೊಂದು ಊರಿನ ಚಿತ್ರಶಾಲೆಯೊಂದನ್ನು ನೋಡಿಬಂದೆ. ಇಡೀ ಹಜಾರದಲ್ಲಿ ನಾನೊಬ್ಬನೇ. ತಲೆಯ ಮೇಲೆ ಮಾತ್ರ ಮದುವೆಮನೆಯಂತೆ ದೀಪಗಳು. ಕಾವಲುಗಾರನನ್ನು ಕೇಳಿದರೆ, "ಎಲ್ಲಾ ಎಲ್‌ಇಡಿ ಸಾರ್, ಕರೆಂಟು ಜಾಸ್ತಿ ಹೋಗಲ್ಲ" ಎಂದ. ಅವನದು ತಪ್ಪಲ್ಲ, ಮೇಲಿನವರು ಹೇಳಿದ್ದನ್ನೇ ಅವನೂ ಹೇಳಿದ. ನನ್ನ ತಕರಾರು ಇರುವುದು ಆ ಸಮಾಧಾನದ ಮೇಲೆ.

ಎಲ್‌ಇಡಿ ಒಳ್ಳೆಯದೆಂಬುದರಲ್ಲಿ ವಿವಾದವಿಲ್ಲ. ಹಳೆಯ ಬುರುಡೆ ದೀಪ ತಾನು ಸೆಳೆದ ವಿದ್ಯುತ್ತಿನಲ್ಲಿ ಶೇ. 90ಕ್ಕೂ ಹೆಚ್ಚು ಪಾಲನ್ನು ಶಾಖವಾಗಿ ಚೆಲ್ಲುತ್ತಿತ್ತು. ಆ ಶಾಖವನ್ನು ತಣಿಸಲು ಹವಾನಿಯಂತ್ರಕ ಇನ್ನಷ್ಟು ವಿದ್ಯುತ್ತನ್ನು ನುಂಗುತ್ತಿತ್ತು. ಎಲ್‌ಇಡಿಯಲ್ಲಿ ಶಾಖ ಕಡಿಮೆ, ನೇರಳಾತೀತ ಕಿರಣಗಳೂ ಅತ್ಯಲ್ಪ. ಆದರೆ ಕಣ್ಣಿಗೆ ಕಾಣುವ ಬೆಳಕಿನಿಂದಲೂ ಬಣ್ಣ ಮಾಸುತ್ತದೆ. ಮಾಸಿದ ಬಣ್ಣ ಮತ್ತೆ ಮರಳುವುದಿಲ್ಲ. ಅಗ್ಗವೆಂದು ಒಂದರ ಬದಲು ನಾಲ್ಕು ದೀಪ ತೂಗುಹಾಕಿದರೆ ಉಳಿತಾಯವೂ ಇಲ್ಲ, ರಕ್ಷಣೆಯೂ ಇಲ್ಲ.

ಲೆಕ್ಕ ಸರಳ. ಮೇಣದ ಬತ್ತಿಯೊಂದು 1 ಮೀಟರ್ ದೂರದಲ್ಲಿ ಬೀರುವ ಬೆಳಕು ಸುಮಾರು 1 ಲಕ್ಸ್. ಜಲವರ್ಣಕ್ಕೆ ಸಂಗ್ರಹಾಲಯಗಳು ಸಾಮಾನ್ಯವಾಗಿ ಒಪ್ಪಿರುವ ಮಿತಿ 50 ಲಕ್ಸ್. ತೈಲವರ್ಣಕ್ಕೆ 200ರ ಆಸುಪಾಸು. ಹಾನಿಯು ಬೆಳಕಿನ ಪ್ರಮಾಣ ಮತ್ತು ಕಾಲ ಇವೆರಡರ ಗುಣಲಬ್ಧದಂತೆ ಬೆಳೆಯುತ್ತದೆ. ಜಲವರ್ಣದ ಮೇಲೆ 200 ಲಕ್ಸ್ ಸುರಿದರೆ 4 ವರ್ಷಗಳ ಸವೆತ 1 ವರ್ಷದಲ್ಲೇ ಆಗಿಹೋಗುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ದೀಪ ವಿದ್ಯುತ್ತಿನ ಜೊತೆಗೆ ಚಿತ್ರದ ಆಯುಷ್ಯವನ್ನೂ ತಿನ್ನುತ್ತದೆ.

ಮಂದ ಬೆಳಕಿನಲ್ಲಿ ವಯಸ್ಸಾದವರಿಗೆ ಕಾಣುವುದೇ ಎಂದು ಕೇಳುವಿರಿ. ನಾನೂ ವಯಸ್ಸಾದವನೇ. ಬಿಸಿಲಿನಿಂದ ಬಂದವರನ್ನು ನೇರವಾಗಿ ಚಿತ್ರದೆದುರು ನಿಲ್ಲಿಸಿದರೆ ಯಾರಿಗೂ ಕಾಣದು. ನಡುವೆ ಮಬ್ಬಾದ ಪಡಸಾಲೆಯೊಂದಿದ್ದರೆ ಕಣ್ಣು ನಿಧಾನವಾಗಿ ಹೊಂದಿಕೊಳ್ಳುತ್ತದೆ. ಜನ ಬಂದಾಗ ಬೆಳಗಿ, ಹೋದಾಗ ತಗ್ಗುವ ದೀಪಗಳೂ ಈಗ ಇವೆ.

ನಿಮ್ಮಲ್ಲಿ ಕೆಲವರು ಇಂಜಿನಿಯರುಗಳು, ಕೆಲವರು ಅಧಿಕಾರಿಗಳು. ಇಂಥ ಕಟ್ಟಡದ ಕಡತ ನಿಮ್ಮ ಮೇಜಿಗೆ ಬಂದಾಗ, ಎಷ್ಟು ಯೂನಿಟ್ ಉಳಿಯಿತೆಂದು ಕೇಳಿ ಸುಮ್ಮನಾಗಬೇಡಿ. ಚಿತ್ರದ ಮೇಲೆ ಎಷ್ಟು ಬೆಳಕು, ಎಷ್ಟು ಹೊತ್ತು ಬೀಳುತ್ತದೆಂದೂ ಕೇಳಿ. ನಿಮ್ಮ ಮೊಮ್ಮಕ್ಕಳೂ ಆ ಬಣ್ಣಗಳನ್ನು ನೋಡಬೇಕು.