ಸಾಹೇಬರೇ, ಠಾಣೆ ಡೈರಿ ಓದಲು ಬರುತ್ತದೆಯೇ?

ಪೇದೆ ಲಂಚ ತಿಂದ, ಪೇದೆ ಬಡವನ ಮೇಲೆ ಕೈ ಮಾಡಿದ ಎಂದು ದಿನಾ ಬಯ್ಯುತ್ತೇವೆ. ಬಯ್ಯಲೇಬೇಕು. ಆದರೆ ಅವನ ಮೇಲೆ ಕಣ್ಣಿಡಬೇಕಾದ ಸಾಹೇಬರನ್ನು ಕೇಳುವವರು ಯಾರು ಸ್ವಾಮಿ?

1963ರಲ್ಲೇ ಕನ್ನಡವನ್ನು ಆಡಳಿತ ಭಾಷೆ ಮಾಡಿದ ನಾಡಿದು. ಠಾಣೆ ಡೈರಿ, ದೂರು, ಹೇಳಿಕೆ, ಮಹಜರು ಬರೆಯುವುದು ಕನ್ನಡದಲ್ಲಿ. ಹೊರರಾಜ್ಯದಿಂದ ಬಂದ ಐಪಿಎಸ್ ಸಾಹೇಬರು ಇಲಾಖೆಯ ಕನ್ನಡ ಪರೀಕ್ಷೆ ಪಾಸು ಮಾಡಬೇಕು, ಮಾಡುತ್ತಾರೆ. ನಮಗಿಂತ ಚೆನ್ನಾಗಿ ಕನ್ನಡ ಕಲಿತವರೂ ಇದ್ದಾರೆ, ಅವರಿಗೆ ಕೈಮುಗಿಯುತ್ತೇನೆ. ಆದರೆ ಪಾಸಾದ ಎಷ್ಟೋ ಮಂದಿಗೆ ರಾತ್ರಿಪಾಳಿಯಲ್ಲಿ ಗೀಚಿದ ಡೈರಿ ಓದಲು ಬರುವುದಿಲ್ಲ. ಪಕ್ಕದಲ್ಲಿ ನಿಂತವನು ಇಂಗ್ಲಿಷಿನಲ್ಲಿ ಸಾರಾಂಶ ಹೇಳಬೇಕು. ಅಲ್ಲಿಗೆ ಮೇಲ್ವಿಚಾರಣೆ ಮುಗಿಯಿತು! ದೂರು ತಂದವನನ್ನು ಎರಡು ದಿನ ಅಲೆಸಿದ್ದು, ಹೇಳಿಕೆ ತಿರುಚಿದ್ದು ಸಾರಾಂಶದಲ್ಲಿ ಬರುತ್ತದೆಯೇ? ಠಾಣೆಯ ನಿಜವಾದ ಯಜಮಾನ ಆ ಸಾರಾಂಶ ಹೇಳುವವನೇ. ನಾನು ಪ್ರೆಸ್ಸಿನವನು. ಲಿಪಿ ಬಾರದವನ ಕೈಗೆ ಪ್ರೂಫ್ ಕೊಟ್ಟರೆ ಸಹಿ ಬೀಳುತ್ತದೆ, ತಪ್ಪು ಹಾಗೇ ಅಚ್ಚಾಗುತ್ತದೆ.

ಕೆಳಗಿನವನ ಮಾತೂ ಮೇಲಕ್ಕೆ ಹೋಗುವುದಿಲ್ಲ. 2016ರ ಜೂನ್ 4 ನೆನಪಿದೆಯೇ? ರಜೆಯಿಲ್ಲ, ಸಂಬಳ ಸಾಲದು, ಮೇಲಿನವರ ಕಿರುಕುಳ ತಾಳಲಾರೆವು ಎಂದು ರಾಜ್ಯದ ಪೇದೆಗಳು ಅಂದು ಸಾಮೂಹಿಕ ರಜೆಗೆ ಸಜ್ಜಾಗಿದ್ದರು. ಸರ್ಕಾರದ ಉತ್ತರ ಎಸ್ಮಾ! ಮುಂದಾಳುವಿನ ಮೇಲೆ ರಾಜದ್ರೋಹದ ಕೇಸು! ಇದರಲ್ಲಿ ಕನ್ನಡದ ಅಧಿಕಾರಿಗಳೇನೂ ಸಾಚಾ ಅಲ್ಲ. ಅಪ್ಪನ ವಯಸ್ಸಿನ ಹೆಡ್ ಕಾನ್‌ಸ್ಟೇಬಲನ್ನು ‘ಏನೋ’ ಎಂದು ಕೂಗಿ, ಮನೆಗೆ ತರಕಾರಿ ತರಿಸುವವರಿಗೆ ಕನ್ನಡ ಬಂದರೆಷ್ಟು, ಬಿಟ್ಟರೆಷ್ಟು? ಬೈಸಿಕೊಂಡವನು ಆ ಸಿಟ್ಟನ್ನು ಆಟೋದವನ ಮೇಲೆ, ನಿಮ್ಮ ಮೇಲೆ ತೀರಿಸಿಕೊಳ್ಳುತ್ತಾನೆ.

2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಮಾಡಿ ಎಂದಿತು. 2012ರಲ್ಲಿ ನಮ್ಮ ಪೊಲೀಸ್ ಕಾಯ್ದೆಗೂ ತಿದ್ದುಪಡಿ ಬಂತು. ನಿಮ್ಮ ಜಿಲ್ಲೆಯಲ್ಲಿ ಅದರ ಬೋರ್ಡು ಎಲ್ಲಾದರೂ ಕಂಡಿರಾ?

ನಮ್ಮ ಬೇಡಿಕೆ ಇಷ್ಟೇ. ಠಾಣೆ ತಪಾಸಣೆಗೆ ಬಂದ ಸಾಹೇಬರು ಡೈರಿಯನ್ನು ತಾವೇ ಓದಲಿ, ತಪಾಸಣಾ ಟಿಪ್ಪಣಿಯನ್ನು ಸ್ವಂತ ಕೈಯಲ್ಲಿ ಕನ್ನಡದಲ್ಲಿ ಬರೆಯಲಿ. ಓದಲಾರದವರಿಗೆ ಜಿಲ್ಲೆಯ ಜವಾಬ್ದಾರಿ ಬೇಡ.

ಗೆಳೆಯರೇ, ಬರೀ ಬೋರ್ಡಿಗೆ ಮಸಿ ಬಳಿದರೆ ಸಾಲದು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಮಿತಿ 150 ಪದ. ನಿಮ್ಮ ಠಾಣೆಯ ಕಳೆದ ತಪಾಸಣಾ ಟಿಪ್ಪಣಿಯ ಪ್ರತಿ ಕೇಳಿ. ಯಾವ ಭಾಷೆಯಲ್ಲಿದೆ, ಯಾರ ಕೈಬರಹ ಎಂದು ನೋಡಿ ನಮಗೆ ಬರೆಯಿರಿ. ಹೆಸರು ಸಮೇತ ಅಚ್ಚು ಹಾಕುತ್ತೇವೆ.